ತಾನಾಗಿಯೇ ಮರುಚಾಲನೆಗೊಳ್ಳುವ ಗಣಕ: ಕಾರಣ ಪತ್ತೆ ಹಚ್ಚುವ ಕ್ರಮ

ಕೆಲಸ ನಡೆಯುತ್ತಿರುವಾಗಲೇ ಪರದೆ ಕಪ್ಪಾಗಿ, ಮರುಕ್ಷಣ ತಯಾರಕ ಸಂಸ್ಥೆಯ ಚಿಹ್ನೆ ಮೂಡಿ, ಗಣಕಯಂತ್ರವು ಮತ್ತೆ ಮೊದಲಿನಿಂದ ಆರಂಭವಾಗುವುದು ಡೆಸ್ಕ್‌ಟಾಪ್ ಬಳಸುವ ಅನೇಕರು ಒಂದಲ್ಲ ಒಂದು ದಿನ ಎದುರಿಸುವ ತೊಂದರೆ. ಉಳಿಸದ ಪತ್ರ, ಅರ್ಧ ಮುಗಿದ ಲೆಕ್ಕ, ಮುದ್ರಣಕ್ಕೆ ಸಿದ್ಧವಾಗಿದ್ದ ಪುಟ ಎಲ್ಲವೂ ಒಮ್ಮೆಲೇ ಮಾಯವಾಗುತ್ತವೆ. ದಿನಕ್ಕೊಮ್ಮೆ ಆಗುತ್ತಿದ್ದುದು ಗಂಟೆಗೊಮ್ಮೆ ಆಗತೊಡಗಿದಾಗ ಗಣಕವನ್ನು ಹೊತ್ತು ದುರಸ್ತಿ ಅಂಗಡಿಗೆ ಒಯ್ಯುವುದು, ಅಲ್ಲಿ ‘ಫಾರ್ಮ್ಯಾಟ್ ಮಾಡಿಬಿಡೋಣ’ ಎಂಬ ಮಾತಿಗೆ ತಲೆಯಾಡಿಸುವುದು ವಾಡಿಕೆಯಾಗಿಬಿಟ್ಟಿದೆ.

ವಾಸ್ತವದಲ್ಲಿ ಮರುಚಾಲನೆ ಎಂಬುದು ರೋಗವಲ್ಲ, ರೋಗಲಕ್ಷಣ. ಜ್ವರ ಬಂದವರೆಲ್ಲರಿಗೂ ಒಂದೇ ಮಾತ್ರೆ ಸಲ್ಲದಂತೆ ಮರುಚಾಲನೆಗೊಳ್ಳುವ ಗಣಕಗಳಿಗೆಲ್ಲ ಫಾರ್ಮ್ಯಾಟ್ ಮದ್ದಲ್ಲ. ವಿದ್ಯುತ್ ಪೂರೈಕೆಯ ದೋಷದಿಂದ ನಲುಗುತ್ತಿರುವ ಗಣಕದ ಹಾರ್ಡ್ ಡಿಸ್ಕ್ ಅಳಿಸಿದರೆ ದೋಷ ಅಲ್ಲೇ ಉಳಿಯುತ್ತದೆ, ಹೋಗುವುದು ಕುಟುಂಬದ ಛಾಯಾಚಿತ್ರಗಳು ಮತ್ತು ವರ್ಷಗಳ ಕಡತಗಳು ಮಾತ್ರ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ! ಮರುಚಾಲನೆ ಯಾವ ಸಂದರ್ಭದಲ್ಲಿ ಆಗುತ್ತದೆ ಎಂಬುದನ್ನು ಗಮನಿಸಿ, ಖರ್ಚಿಲ್ಲದ ಪರೀಕ್ಷೆಗಳಿಂದ ಆರಂಭಿಸಿ, ಒಂದು ಬಾರಿಗೆ ಒಂದೇ ಬದಲಾವಣೆ ಮಾಡುತ್ತ ಹೋದರೆ ಹೆಚ್ಚಿನ ಪ್ರಕರಣಗಳಲ್ಲಿ ಕಾರಣವನ್ನು ಮನೆಯಲ್ಲೇ ಗುರುತಿಸಬಹುದು.

ಒಂದೇ ಲಕ್ಷಣ, ಬೇರೆ ಬೇರೆ ಬೇರು

ಈ ತೊಂದರೆಗೆ ಗಣಕದಷ್ಟೇ ದೀರ್ಘ ಇತಿಹಾಸವಿದೆ. ಮೂರು ಪ್ರಸಿದ್ಧ ಪ್ರಕರಣಗಳು ಇಲ್ಲಿ ಉಲ್ಲೇಖಾರ್ಹ.

2003ರ ಆಗಸ್ಟ್‌ನಲ್ಲಿ ‘ಬ್ಲಾಸ್ಟರ್’ ಎಂಬ ಕುತಂತ್ರಾಂಶವು ಜಗತ್ತಿನಾದ್ಯಂತ ವಿಂಡೋಸ್ ಎಕ್ಸ್‌ಪಿ ಗಣಕಗಳನ್ನು ಕಾಡಿತು. ಅಂತರಜಾಲಕ್ಕೆ ಸಂಪರ್ಕ ಪಡೆದ ಕೆಲವೇ ಹೊತ್ತಿನಲ್ಲಿ 60 ಸೆಕೆಂಡುಗಳ ಎಣಿಕೆಯಿದ್ದ ಒಂದು ಕಿಟಕಿ ತೆರೆದುಕೊಂಡು, ಎಣಿಕೆ ಮುಗಿಯುತ್ತಿದ್ದಂತೆ ಗಣಕ ಮರುಚಾಲನೆಗೊಳ್ಳುತ್ತಿತ್ತು. ಫಾರ್ಮ್ಯಾಟ್ ಮಾಡಿಸಿಕೊಂಡವರಿಗೂ ಮುಕ್ತಿಯಿರಲಿಲ್ಲ. ತೇಪೆ ತಂತ್ರಾಂಶವನ್ನು ಅಳವಡಿಸದೆ ಅಂತರಜಾಲಕ್ಕೆ ಮರಳಿದ ಗಣಕಕ್ಕೆ ಅದೇ ಸೋಂಕು ಮತ್ತೆ ತಗಲುತ್ತಿತ್ತು. ಮರುವರ್ಷ, 2004ರಲ್ಲಿ, ‘ಸ್ಯಾಸರ್’ ಇದೇ ಬಗೆಯ ಉಪದ್ರವ ಕೊಟ್ಟಿತು.

ಅದೇ ದಶಕದಲ್ಲಿ ಮತ್ತೊಂದು ಪೀಡೆ ಯಂತ್ರಾಂಶದ ಕಡೆಯಿಂದ ಬಂದಿತು. ಮದರ್‌ಬೋರ್ಡ್ ಹಾಗೂ ವಿದ್ಯುತ್ ಪೂರೈಕೆ ಘಟಕಗಳಲ್ಲಿ ಬಳಸಿದ್ದ ಕಳಪೆ ಕೆಪಾಸಿಟರುಗಳ ಒಳಗಿನ ದ್ರಾವಣ ಕೆಟ್ಟು, ಅವುಗಳ ನೆತ್ತಿ ಉಬ್ಬಿ, ಕಂದು ಬಣ್ಣದ ರಸ ಜಿನುಗತೊಡಗಿತು. ಇಂಥ ಗಣಕಗಳು ಕಾರಣವೇ ಇಲ್ಲವೇನೋ ಎಂಬಂತೆ ಆಗೊಮ್ಮೆ ಈಗೊಮ್ಮೆ ಮರುಚಾಲನೆಗೊಳ್ಳುತ್ತಿದ್ದವು. ಇಲ್ಲಿಯೂ ಫಾರ್ಮ್ಯಾಟ್‌ನಿಂದ ಆಗಬಹುದಾಗಿದ್ದ ಪ್ರಯೋಜನ ಶೂನ್ಯ.

ಮೂರನೆಯದು ಇತ್ತೀಚಿನದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಭದ್ರತಾ ತಂತ್ರಾಂಶಕ್ಕೆ ಬಂದ ಒಂದು ದೋಷಪೂರಿತ ಪರಿಷ್ಕರಣೆಯಿಂದಾಗಿ, ಮೈಕ್ರೋಸಾಫ್ಟ್ ನೀಡಿದ ಅಂದಾಜಿನಂತೆ, ಸುಮಾರು 85 ಲಕ್ಷ ವಿಂಡೋಸ್ ಗಣಕಗಳು ನೀಲಿ ಪರದೆ ತೋರಿಸಿ ಕುಸಿದವು. ಎಷ್ಟೋ ಗಣಕಗಳು ಮತ್ತೆ ಮತ್ತೆ ಮರುಚಾಲನೆಗೊಳ್ಳುತ್ತಲೇ ಇದ್ದವು. ವಿಮಾನ ನಿಲ್ದಾಣಗಳಲ್ಲಿ ಸಾಲುಗಳು ಬೆಳೆದವು. ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಪ್ರಯಾಣಿಕರಿಗೂ ಅದರ ಬಿಸಿ ತಟ್ಟಿತು. ಪರಿಹಾರ ಮಾತ್ರ ಸರಳವಾಗಿತ್ತು: ಗಣಕವನ್ನು ಸೇಫ್ ಮೋಡ್‌ನಲ್ಲಿ ಆರಂಭಿಸಿ ದೋಷವಿದ್ದ ಒಂದೇ ಒಂದು ಕಡತವನ್ನು ಅಳಿಸುವುದು.

ಹೊರಗಿನ ಆಕ್ರಮಣ, ಬಿಡಿಭಾಗದ ದೋಷ, ನಂಬಿಕೆಯ ತಂತ್ರಾಂಶದ ತಪ್ಪು. ಈ ಮೂರರಲ್ಲಿಯೂ ಬಳಕೆದಾರನಿಗೆ ಕಂಡದ್ದು ಒಂದೇ ಲಕ್ಷಣ, ಬೇಕಾಗಿದ್ದ ಚಿಕಿತ್ಸೆ ಬೇರೆ ಬೇರೆ.

ಮೊದಲ ಕೆಲಸ: ಕಡತಗಳ ರಕ್ಷಣೆ

ಕಾರಣ ಹುಡುಕುವುದಕ್ಕೆ ಮೊದಲು ಕಡತಗಳನ್ನು ಕಾಪಾಡಿಕೊಳ್ಳಬೇಕು. ಬರೆಯುವ ಕ್ರಿಯೆ ನಡುವೆ ನಿಂತಾಗಲೆಲ್ಲ ಡಿಸ್ಕ್‌ನಲ್ಲಿರುವ ಮಾಹಿತಿ ಹಾಳಾಗುವ ಅಪಾಯವಿರುತ್ತದೆ. ಗಣಕ ಅರ್ಧ ಗಂಟೆಯಾದರೂ ನಿಲ್ಲುವಂತಿದ್ದರೆ ಆ ಅವಧಿಯಲ್ಲಿಯೇ ಮುಖ್ಯ ಕಡತಗಳನ್ನು ಹೊರಗಿನ ಡಿಸ್ಕ್ ಅಥವಾ ಪೆನ್ ಡ್ರೈವ್‌ಗೆ ನಕಲು ಮಾಡಿಕೊಳ್ಳುವುದು ಸೂಕ್ತ.

ವಿಂಡೋಸ್ ಆರಂಭವಾಗುವುದೇ ಇಲ್ಲವೆಂದಾದರೆ ಎರಡು ದಾರಿಗಳಿವೆ. ಉಬುಂಟುವಿನಂತಹ ಉಚಿತ ಲಿನಕ್ಸ್ ವ್ಯವಸ್ಥೆಯನ್ನು ಇನ್ನೊಂದು ಗಣಕದ ನೆರವಿನಿಂದ ಪೆನ್ ಡ್ರೈವ್‌ಗೆ ಹಾಕಿ, ಅದರಿಂದಲೇ ತೊಂದರೆಯ ಗಣಕವನ್ನು ಆರಂಭಿಸಿ ಕಡತಗಳನ್ನು ತೆಗೆದುಕೊಳ್ಳಬಹುದು. ಇಲ್ಲವೇ ಡಿಸ್ಕನ್ನು ಬಿಚ್ಚಿ, ಯುಎಸ್‌ಬಿ ಅಡಾಪ್ಟರಿನ ಮೂಲಕ ಬೇರೊಂದು ಗಣಕಕ್ಕೆ ಜೋಡಿಸಬಹುದು. ಡಿಸ್ಕ್‌ಗೆ ಬಿಟ್‌ಲಾಕರ್ ಗೂಢಲಿಪೀಕರಣ ಇದ್ದಲ್ಲಿ 48 ಅಂಕಿಗಳ ರಿಕವರಿ ಕೀ ಇಲ್ಲದೆ ಈ ಎರಡೂ ದಾರಿಗಳು ತೆರೆಯುವುದಿಲ್ಲ. ವಿಂಡೋಸ್ 11ರ ಅನೇಕ ಗಣಕಗಳಲ್ಲಿ ಈ ರಕ್ಷಣೆ ಬಳಕೆದಾರರ ಗಮನಕ್ಕೆ ಬಾರದೆಯೇ ಚಾಲ್ತಿಯಲ್ಲಿರುತ್ತದೆ. ಅಂಥ ಸಂದರ್ಭದಲ್ಲಿ ಕೀಲಿಯು ಸಾಮಾನ್ಯವಾಗಿ ಬಳಕೆದಾರರ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಅದನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಜಾಣತನ.

ನುಡಿ, ಬರಹ ಮುಂತಾದ ಕನ್ನಡ ತಂತ್ರಾಂಶಗಳಲ್ಲಿ ಯೂನಿಕೋಡ್ ಪೂರ್ವದ ಫಾಂಟುಗಳನ್ನು ಬಳಸಿ ಸಿದ್ಧಪಡಿಸಿದ ಹಳೆಯ ಕಡತಗಳಿದ್ದರೆ ಕಡತಗಳ ಜೊತೆಗೆ ಆ ಫಾಂಟುಗಳನ್ನೂ ನಕಲು ಮಾಡಿಕೊಳ್ಳಬೇಕು. ಫಾಂಟ್ ಇಲ್ಲದ ಗಣಕದಲ್ಲಿ ಇಂಥ ಕಡತಗಳು ಅರ್ಥವಿಲ್ಲದ ಅಕ್ಷರಗಳ ರಾಶಿಯಾಗಿ ತೋರುತ್ತವೆ. ಡಿಟಿಪಿ ಕೇಂದ್ರಗಳು ಮತ್ತು ಸಣ್ಣ ಮುದ್ರಣಾಲಯಗಳು ಇದನ್ನು ಮರೆಯಬಾರದು.

ಯಾವಾಗ ಆಗುತ್ತದೆ?

ಬಹುಪಾಲು ಉತ್ತರ ಈ ಒಂದು ಪ್ರಶ್ನೆಯಲ್ಲೇ ಅಡಗಿದೆ. ಎರಡು ಮೂರು ದಿನಗಳ ಕಾಲ ಪ್ರತಿ ಮರುಚಾಲನೆಯ ವೇಳೆ, ಆಗ ನಡೆಯುತ್ತಿದ್ದ ಕೆಲಸ, ಮನೆಯ ವಿದ್ಯುತ್ ಸ್ಥಿತಿ ಇವನ್ನು ಒಂದು ಹಾಳೆಯಲ್ಲಿ ಬರೆದಿಟ್ಟರೆ ಚಿತ್ರ ಸ್ಪಷ್ಟವಾಗತೊಡಗುತ್ತದೆ.

* ಗುಂಡಿ ಒತ್ತಿದ ಕೆಲವೇ ಸೆಕೆಂಡುಗಳಲ್ಲಿ, ವಿಂಡೋಸ್ ಚಿಹ್ನೆ ಮೂಡುವ ಮೊದಲೇ ಮರುಚಾಲನೆಯಾದರೆ ದೋಷ ಯಂತ್ರಾಂಶದ್ದು. ವಿದ್ಯುತ್ ಪೂರೈಕೆ, ರ್‍ಯಾಮ್, ಮದರ್‌ಬೋರ್ಡ್ ಅಥವಾ ಸಿಲುಕಿಕೊಂಡ ಗುಂಡಿ ಕಾರಣವಾಗಿರಬಹುದು.
* ವಿಂಡೋಸ್ ಚಿಹ್ನೆ ಮೂಡಿದ ಬಳಿಕ, ಡೆಸ್ಕ್‌ಟಾಪ್ ಕಾಣುವ ಮೊದಲು ಆದರೆ ಚಾಲಕ ತಂತ್ರಾಂಶ, ಪರಿಷ್ಕರಣೆ ಅಥವಾ ಡಿಸ್ಕ್ ಮೇಲೆ ಅನುಮಾನ ಪಡಬೇಕು.
* ಆಟ ಆಡುವಾಗ, ವಿಡಿಯೊ ಸಂಕಲನ ಮಾಡುವಾಗ ಮಾತ್ರ ಆದರೆ ಶಾಖ ಅಥವಾ ವಿದ್ಯುತ್ ಪೂರೈಕೆ ಘಟಕದ ದೌರ್ಬಲ್ಯ ಕಾರಣವಿರಬಹುದು.
* ನೀರಿನ ಪಂಪು, ಫ್ರಿಜ್, ಗೀಸರ್ ಚಾಲೂ ಆದಾಗ ಅಥವಾ ವಿದ್ಯುತ್ ಹೋಗಿ ಇನ್ವರ್ಟರಿಗೆ ಬದಲಾದಾಗ ಆದರೆ ದೋಷ ಗಣಕದ ಹೊರಗೇ ಇರಬಹುದು.
* ಯಾವ ಕೆಲಸವೂ ಇಲ್ಲದಾಗ, ಕ್ರಮವಿಲ್ಲದೆ ಆದರೆ ರ್‍ಯಾಮ್, ಸಡಿಲ ಜೋಡಣೆ, ಹಳೆಯ ಕೆಪಾಸಿಟರುಗಳನ್ನು ಗಮನಿಸಬೇಕು.
* ರಾತ್ರಿ ವೇಳೆ ಮಾತ್ರ, ಅದೂ ತಿಂಗಳಿಗೊಂದೆರಡು ಬಾರಿ ಆದರೆ ಅದು ದೋಷವೇ ಅಲ್ಲದಿರಬಹುದು. ವಿಂಡೋಸ್ ತನ್ನ ಪರಿಷ್ಕರಣೆಗಳನ್ನು ಅಳವಡಿಸಿಕೊಳ್ಳಲು ಹೀಗೆ ಮರುಚಾಲನೆಗೊಳ್ಳುತ್ತದೆ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಭಾಗದಲ್ಲಿ ಕೆಲಸದ ಗಂಟೆಗಳನ್ನು ನಮೂದಿಸಿದರೆ ಆ ಅವಧಿಯಲ್ಲಿ ತೊಂದರೆಯಾಗದು.

ಗಣಕದ ದಿನಚರಿ ಪುಸ್ತಕ

ಗಂಭೀರ ದೋಷ ಕಂಡಾಗ ವಿಂಡೋಸ್ ಒಂದು ಸಂಕೇತವನ್ನು ಪರದೆಯ ಮೇಲೆ ತೋರಿಸಿ ನಿಲ್ಲುತ್ತದೆ. ದಶಕಗಳ ಕಾಲ ಈ ಪರದೆ ನೀಲಿಯಾಗಿತ್ತು. 2025ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ 11ಕ್ಕೆ ಅದನ್ನು ಕಪ್ಪಾಗಿಸಿತು. ತಾನಾಗಿ ಮರುಚಾಲನೆಗೊಳ್ಳುವ ಸೌಲಭ್ಯ ವಿಂಡೋಸ್‌ನಲ್ಲಿ ಮೊದಲೇ ಚಾಲ್ತಿಯಲ್ಲಿರುವುದರಿಂದ ಈ ಸಂದೇಶ ಓದುವಷ್ಟರಲ್ಲಿ ಮಾಯವಾಗುತ್ತದೆ. ಆದ್ದರಿಂದ ಮೊದಲು ಆ ಸೌಲಭ್ಯವನ್ನು ತಡೆಯಬೇಕು.

ವಿಂಡೋಸ್ ಕೀಲಿಯೊಂದಿಗೆ ಆರ್ ಕೀಲಿಯನ್ನು ಒತ್ತಿ, ಬರುವ ಪೆಟ್ಟಿಗೆಯಲ್ಲಿ ಎಸ್, ವೈ, ಎಸ್, ಡಿ, ಎಂ, ನಂತರ ಒಂದು ಚುಕ್ಕಿ, ಸಿ, ಪಿ, ಎಲ್ ಎಂಬ ಅಕ್ಷರಗಳನ್ನು ಅಂತರವಿಲ್ಲದೆ ಬೆರಳಚ್ಚಿಸಿ ಎಂಟರ್ ಒತ್ತಬೇಕು. ತೆರೆಯುವ ಕಿಟಕಿಯಲ್ಲಿ ಅಡ್ವಾನ್ಸ್ಡ್ ವಿಭಾಗಕ್ಕೆ ಹೋಗಿ, ಸ್ಟಾರ್ಟಪ್ ಆಂಡ್ ರಿಕವರಿ ಎಂಬಲ್ಲಿರುವ ಸೆಟ್ಟಿಂಗ್ಸ್ ಗುಂಡಿಯನ್ನು ಕ್ಲಿಕ್ಕಿಸಿ, ‘ಆಟೋಮ್ಯಾಟಿಕಲಿ ರೀಸ್ಟಾರ್ಟ್’ ಎದುರಿನ ಗುರುತನ್ನು ತೆಗೆಯಬೇಕು. ಮುಂದಿನ ಬಾರಿ ದೋಷ ಸಂಭವಿಸಿದಾಗ ಸಂದೇಶ ಪರದೆಯ ಮೇಲೆ ನಿಲ್ಲುತ್ತದೆ. ಅದನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರೆ ಸಾಕು. ಈ ಬದಲಾವಣೆಯ ನಂತರವೂ ಯಾವ ಸಂದೇಶವೂ ಇಲ್ಲದೆ ಗಣಕ ಥಟ್ಟನೆ ಮರುಚಾಲನೆಗೊಂಡರೆ ವಿದ್ಯುತ್ ಅಥವಾ ಯಂತ್ರಾಂಶದ ದೋಷದ ಸಾಧ್ಯತೆ ಬಲವಾಗುತ್ತದೆ.

ಸಂಕೇತಗಳಲ್ಲಿ ಕೆಲವು ನೇರವಾಗಿಯೇ ಮಾತನಾಡುತ್ತವೆ. ‘ಮೆಮೊರಿ ಮ್ಯಾನೇಜ್‌ಮೆಂಟ್’ ಎಂದಿದ್ದರೆ ಮೊದಲು ರ್‍ಯಾಮ್ ಪರೀಕ್ಷಿಸಬೇಕು. ‘ವೀಯಾ ಅನ್‌ಕರೆಕ್ಟಬಲ್ ಎರರ್’ ಸಾಮಾನ್ಯವಾಗಿ ಪ್ರೊಸೆಸರ್, ವಿದ್ಯುತ್ ಅಥವಾ ಶಾಖದತ್ತ ಬೆರಳು ತೋರಿಸುತ್ತದೆ. ‘ಡ್ರೈವರ್’ ಎಂಬ ಪದದಿಂದ ಆರಂಭವಾಗುವ ಸಂಕೇತಗಳು ಚಾಲಕ ತಂತ್ರಾಂಶದ ಸುಳಿವು. ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂದರೆ ವಿಂಡೋಸ್‌ಗೆ ತನ್ನ ಡಿಸ್ಕೇ ಸಿಗುತ್ತಿಲ್ಲ ಎಂದರ್ಥ.

ಇದಲ್ಲದೆ ವಿಂಡೋಸ್‌ನಲ್ಲಿ ಈವೆಂಟ್ ವ್ಯೂವರ್ ಎಂಬ ದಿನಚರಿ ಪುಸ್ತಕವೂ ಇದೆ. ಅದರ ವಿಂಡೋಸ್ ಲಾಗ್ಸ್ ಅಡಿಯಲ್ಲಿನ ಸಿಸ್ಟಮ್ ವಿಭಾಗದಲ್ಲಿ ಮರುಚಾಲನೆಯ ವೇಳೆಯ ದಾಖಲೆಗಳನ್ನು ನೋಡಬೇಕು. 1074 ಎಂಬ ಸಂಖ್ಯೆಯ ದಾಖಲೆ ಇದ್ದರೆ ಯಾವುದೋ ತಂತ್ರಾಂಶ ಅಥವಾ ಬಳಕೆದಾರ ಕ್ರಮಬದ್ಧವಾಗಿಯೇ ಮರುಚಾಲನೆ ಮಾಡಿಸಿದ್ದಾಗಿ ತಿಳಿಯಬೇಕು, ಆ ತಂತ್ರಾಂಶದ ಹೆಸರೂ ಅಲ್ಲಿರುತ್ತದೆ. 6008 ಎಂದರೆ ಹಿಂದಿನ ಮುಕ್ತಾಯ ಅನಿರೀಕ್ಷಿತವಾಗಿತ್ತು ಎಂದು. ಕರ್ನಲ್ ಪವರ್ ಹೆಸರಿನ 41ನೇ ಸಂಖ್ಯೆಯ ದಾಖಲೆ ಕಂಡೊಡನೆ ಅನೇಕರು ಎಸ್‌ಎಂಪಿಎಸ್ ಕೆಟ್ಟಿದೆಯೆಂದು ತೀರ್ಮಾನಿಸುತ್ತಾರೆ. ಇದು ಸರಿಯಲ್ಲ. ಗಣಕ ಸರಿಯಾಗಿ ಮುಕ್ತಾಯಗೊಳ್ಳಲಿಲ್ಲ ಎಂಬುದಷ್ಟನ್ನೇ ಆ ದಾಖಲೆ ಹೇಳುತ್ತದೆ. ಅದರ ವಿವರಗಳಲ್ಲಿರುವ ‘ಬಗ್‌ಚೆಕ್ ಕೋಡ್’ ಶೂನ್ಯವಾಗಿಲ್ಲದಿದ್ದರೆ ವಿಂಡೋಸ್ ದೋಷ ಕಂಡು ತಾನೇ ನಿಂತಿದೆ ಎಂದೂ, ಶೂನ್ಯವಾಗಿದ್ದರೆ ದೋಷ ದಾಖಲಿಸುವಷ್ಟೂ ಸಮಯ ಸಿಗದೆ ವಿದ್ಯುತ್ ಕಡಿದಿರುವ ಅಥವಾ ಯಂತ್ರ ಸ್ತಬ್ಧವಾಗಿರುವ ಸಾಧ್ಯತೆ ಇದೆಯೆಂದೂ ತಿಳಿಯಬಹುದು.

ಯಂತ್ರಾಂಶವೋ ತಂತ್ರಾಂಶವೋ?

ಇವೆರಡನ್ನು ಬೇರ್ಪಡಿಸುವ ಅತಿ ಸುಲಭದ ಪರೀಕ್ಷೆಗೆ ಖರ್ಚೇನೂ ಇಲ್ಲ. ಮೇಲೆ ಹೇಳಿದ ಲಿನಕ್ಸ್ ಪೆನ್ ಡ್ರೈವ್‌ನಿಂದ ಗಣಕವನ್ನು ಆರಂಭಿಸಿ ಒಂದೆರಡು ಗಂಟೆ ಬಳಸಬೇಕು. ಅಲ್ಲಿಯೂ ಮರುಚಾಲನೆಯಾದರೆ ವಿಂಡೋಸ್ ನಿರಪರಾಧಿ. ಅದನ್ನು ಅಳಿಸಿ ಮತ್ತೆ ಹಾಕುವುದು ವ್ಯರ್ಥ. ಬಯಾಸ್ ಪರದೆಯಲ್ಲಿ ಸುಮ್ಮನೆ ಬಿಟ್ಟಾಗಲೂ ಮರುಚಾಲನೆಯಾದರೆ ಇದೇ ತೀರ್ಮಾನ ಇನ್ನಷ್ಟು ಗಟ್ಟಿ. ಲಿನಕ್ಸ್‌ನಲ್ಲಿ ನೆಮ್ಮದಿಯಿಂದ ನಡೆದು, ವಿಂಡೋಸ್‌ನಲ್ಲಿ ಮಾತ್ರ ಕೈಕೊಟ್ಟರೆ ತಂತ್ರಾಂಶವನ್ನು ಅಥವಾ ವಿಂಡೋಸ್ ಇರುವ ಡಿಸ್ಕನ್ನು ಅನುಮಾನಿಸಬಹುದು. ಆದರೆ ಲಿನಕ್ಸ್ ಪರೀಕ್ಷೆಯ ವೇಳೆ ಗಣಕಕ್ಕೆ ಭಾರೀ ಕೆಲಸ ಬಿದ್ದಿರುವುದಿಲ್ಲ ಎಂಬುದನ್ನು ನೆನಪಿಡಬೇಕು. ಭಾರದಲ್ಲಿ ಮಾತ್ರ ಕಾಣಿಸಿಕೊಳ್ಳುವ ದೋಷ ಇದರಿಂದ ತಪ್ಪಿಸಿಕೊಳ್ಳಬಹುದು.

ಶಾಖ

ಪ್ರೊಸೆಸರ್ ತನ್ನನ್ನು ತಾನು ರಕ್ಷಿಸಿಕೊಳ್ಳಬಲ್ಲದು. ಇಂಟೆಲ್‌ನ ಇತ್ತೀಚಿನ ಅನೇಕ ಮಾದರಿಗಳಿಗೆ 100 ಡಿಗ್ರಿ ಸೆಲ್ಸಿಯಸ್, ಎಎಂಡಿಯ ರೈಜೆನ್ 7000 ಸರಣಿಯ ಅನೇಕ ಮಾದರಿಗಳಿಗೆ 95 ಡಿಗ್ರಿ ಗರಿಷ್ಠ ಮಿತಿ. ಮಿತಿ ಸಮೀಪಿಸಿದಾಗ ಪ್ರೊಸೆಸರ್ ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ, ಆದರೂ ಶಾಖ ಏರಿದರೆ ಗಣಕದ ವಿದ್ಯುತ್ತನ್ನೇ ಕಡಿಯುತ್ತದೆ. ಹೀಗಾಗಿ ಅತಿಶಾಖಕ್ಕೆ ಸಿಕ್ಕ ಗಣಕ ಸಾಮಾನ್ಯವಾಗಿ ಮರುಚಾಲನೆಗೊಳ್ಳುವುದಕ್ಕಿಂತ ಆರಿಹೋಗುವುದೇ ಹೆಚ್ಚು. ತಣ್ಣಗಾದ ಮೇಲೆ ಆರಂಭಿಸಿದರೆ ಸ್ವಲ್ಪ ಹೊತ್ತು ಚೆನ್ನಾಗಿ ನಡೆದು ಮತ್ತೆ ಆರುತ್ತದೆ. ಮದರ್‌ಬೋರ್ಡಿನ ವಿದ್ಯುತ್ ನಿಯಂತ್ರಕ ಭಾಗ ಅಥವಾ ಗ್ರಾಫಿಕ್ಸ್ ಕಾರ್ಡ್ ಕಾದಾಗ ಮರುಚಾಲನೆಯೂ ಆಗಬಹುದು.

ಎಚ್‌ಡಬ್ಲ್ಯುಇನ್ಫೋದಂತಹ ಉಚಿತ ತಂತ್ರಾಂಶದಿಂದ ಉಷ್ಣಾಂಶವನ್ನು ಗಮನಿಸಬಹುದು. ಕೆಲಸವಿಲ್ಲದಾಗಲೇ 70 ಡಿಗ್ರಿ ದಾಟುತ್ತಿದ್ದರೆ ಪೆಟ್ಟಿಗೆ ತೆರೆಯುವ ಕಾಲ ಬಂದಿದೆ ಎಂದರ್ಥ. ಗೋಡೆಯ ಪ್ಲಗ್ ಕಿತ್ತು, ಫ್ಯಾನುಗಳ ಹಾಗೂ ಹೀಟ್ ಸಿಂಕ್‌ನ ದೂಳನ್ನು ಮೃದು ಕುಂಚದಿಂದ ತೆಗೆಯಬೇಕು. ಫ್ಯಾನಿನ ರೆಕ್ಕೆಗಳು ಗಾಳಿಗೆ ಗಿರಗಿರನೆ ಸುತ್ತದಂತೆ ಬೆರಳಿನಿಂದ ಹಿಡಿದುಕೊಳ್ಳಬೇಕು. ಪ್ರೊಸೆಸರ್ ಮೇಲಿನ ಫ್ಯಾನ್ ತಿರುಗುತ್ತಿದೆಯೇ, ಹೀಟ್ ಸಿಂಕ್‌ನ ನಾಲ್ಕೂ ಮೂಲೆಗಳ ಹಿಡಿಕೆ ಭದ್ರವಾಗಿದೆಯೇ ಎಂದು ನೋಡಬೇಕು. ನಡುವಿನ ಲೇಪ ಒಣಗಿ ಹುಡಿಯಾಗಿದ್ದರೆ ಹಳೆಯದನ್ನು ಒರೆಸಿ ಅವರೆಕಾಳಿನ ಗಾತ್ರದಷ್ಟು ಹೊಸ ಥರ್ಮಲ್ ಪೇಸ್ಟ್ ಹಾಕಿದರೆ ಸಾಕು.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳಂತಹ ಊರುಗಳಲ್ಲಿ ಗಣಕವನ್ನು ಮೇಜಿನ ಮುಚ್ಚಿದ ಗೂಡಿನೊಳಗೆ ಇಡುವುದು ಖಂಡಿತ ಸಲ್ಲದು. ಕೋಣೆಯ ಗಾಳಿಗಿಂತ ಗಣಕದ ಒಳಗಾಳಿ ಎಂದಿಗೂ ತಂಪಾಗಿರಲಾರದು.

ವಿದ್ಯುತ್ತಿನ ಜಾಡು

ಎಸ್‌ಎಂಪಿಎಸ್ ಎಂದು ಕರೆಯಲಾಗುವ ವಿದ್ಯುತ್ ಪೂರೈಕೆ ಘಟಕವು ಗೋಡೆಯ 230 ವೋಲ್ಟ್‌ಗಳನ್ನು 12, 5 ಮತ್ತು 3.3 ವೋಲ್ಟ್‌ಗಳಿಗೆ ಇಳಿಸಿಕೊಡುತ್ತದೆ. ಎಟಿಎಕ್ಸ್ ಮಾನದಂಡದಂತೆ ಇವುಗಳಲ್ಲಿ ಶೇ 5ರಷ್ಟು ಏರಿಳಿತಕ್ಕೆ ಮಾತ್ರ ಅವಕಾಶವಿದೆ ಎಂಬುದು ಸಾಮಾನ್ಯ ನಿಯಮ. ಅಂದರೆ 12 ವೋಲ್ಟ್‌ನ ತಂತಿಯಲ್ಲಿ 11.4ರಿಂದ 12.6ರವರೆಗೆ. ಎಲ್ಲವೂ ಸರಿಯಿದೆ ಎಂದು ಸೂಚಿಸುವ ‘ಪವರ್ ಗುಡ್’ ಎಂಬ ಸಂಕೇತವನ್ನು ಈ ಘಟಕ ಮದರ್‌ಬೋರ್ಡಿಗೆ ಸತತವಾಗಿ ಕೊಡುತ್ತಿರುತ್ತದೆ. ಆ ಸಂಕೇತ ಒಂದು ಕ್ಷಣ ತಪ್ಪಿದರೂ ಮದರ್‌ಬೋರ್ಡ್ ಪ್ರೊಸೆಸರನ್ನು ಮರುಚಾಲನೆಗೊಳಿಸುತ್ತದೆ. ಪರದೆಯ ಮೇಲೆ ಯಾವ ಸಂದೇಶವೂ ಇಲ್ಲದೆ ಗಣಕ ಹಠಾತ್ತನೆ ಮರುಚಾಲನೆಗೊಳ್ಳುವುದರ ಗುಟ್ಟು ಅನೇಕ ವೇಳೆ ಇದೇ ಆಗಿರುತ್ತದೆ.

ಈ ಘಟಕವನ್ನು ದೂರುವ ಮೊದಲು ಹೊರಗಿನ ಜಾಡು ಹಿಡಿಯಬೇಕು. ಸಡಿಲವಾದ ಸಾಕೆಟ್, ಕರಗಿದ ಎಕ್ಸ್‌ಟೆನ್ಷನ್ ಬೋರ್ಡ್, ಪೂರ್ತಿ ಒಳಗೆ ಕೂರದ ಕೇಬಲ್ ಇವನ್ನು ಪರಿಶೀಲಿಸಿ, ಗಣಕವನ್ನು ಒಂದು ದಿನ ಬೇರೆ ಕೋಣೆಯ ಸಾಕೆಟ್‌ಗೆ ನೇರವಾಗಿ ಜೋಡಿಸಿ ನೋಡಬಹುದು. ಗಣಕದ ಲೋಹದ ಪೆಟ್ಟಿಗೆ ಮುಟ್ಟಿದಾಗ ಜುಮ್ಮೆನ್ನುತ್ತಿದ್ದರೆ ಅರ್ಥಿಂಗ್ ಸರಿಯಿಲ್ಲವೆಂದು ತಿಳಿದು ಎಲೆಕ್ಟ್ರಿಷಿಯನ್ ಅವರನ್ನು ಕರೆಸಬೇಕು. ಇದು ಗಣಕಕ್ಕಿಂತ ಹೆಚ್ಚಾಗಿ ಮನೆಯವರ ಸುರಕ್ಷತೆಯ ಪ್ರಶ್ನೆ.

ವಿದ್ಯುತ್ ಕಡಿತದ ಕ್ಷಣದಲ್ಲಿ ಮರುಚಾಲನೆಯಾಗುತ್ತಿದ್ದರೆ ಯುಪಿಎಸ್ ಅಥವಾ ಇನ್ವರ್ಟರನ್ನು ಗಮನಿಸಬೇಕು. ಪೂರೈಕೆ ನಿಂತ ನಂತರ ಎಸ್‌ಎಂಪಿಎಸ್ ತನ್ನಲ್ಲಿರುವ ಶೇಖರಣೆಯಿಂದ ಸುಮಾರು 16 ಮಿಲಿಸೆಕೆಂಡ್‌ಗಳಷ್ಟು ಕಾಲ ಮಾತ್ರ ಗಣಕವನ್ನು ನಡೆಸಬಲ್ಲದು. ಬ್ಯಾಟರಿಗೆ ಬದಲಾವಣೆ ಅಷ್ಟರೊಳಗೆ ಆಗಬೇಕು. ಮನೆಬಳಕೆಯ ಅನೇಕ ಇನ್ವರ್ಟರುಗಳಲ್ಲಿ ಇದಕ್ಕಾಗಿಯೇ ‘ಯುಪಿಎಸ್ ಮೋಡ್’ ಎಂಬ ಆಯ್ಕೆ ಇರುತ್ತದೆ. ಸಾಧಾರಣ ಸ್ಥಿತಿಯಲ್ಲಿ ಬದಲಾವಣೆ ನಿಧಾನವಾಗಿದ್ದು, ಫ್ಯಾನ್ ಮತ್ತು ದೀಪಗಳಿಗೆ ತೊಂದರೆಯಾಗದಿದ್ದರೂ ಗಣಕ ತಾಳಲಾರದು. ಯುಪಿಎಸ್‌ನ ಬ್ಯಾಟರಿಗೂ ಆಯುಸ್ಸಿದೆ. ಮೂರು ನಾಲ್ಕು ವರ್ಷ ದಾಟಿದ ಬ್ಯಾಟರಿ ದೀಪ ಉರಿಸುತ್ತಿದ್ದರೂ ಭಾರ ಬಿದ್ದೊಡನೆ ಕುಸಿಯಬಹುದು.

ಎಸ್‌ಎಂಪಿಎಸ್ ಪರೀಕ್ಷೆಗೆ ಖಚಿತ ಮಾರ್ಗವೆಂದರೆ ಸಾಕಷ್ಟು ಸಾಮರ್ಥ್ಯದ, ಸುಸ್ಥಿತಿಯಲ್ಲಿರುವ ಇನ್ನೊಂದನ್ನು ಕೆಲ ದಿನಗಳ ಮಟ್ಟಿಗೆ ಜೋಡಿಸಿ ನೋಡುವುದು. ಬಯಾಸ್ ತೋರಿಸುವ ವೋಲ್ಟ್ ಅಂಕಿಗಳು ಸುಳಿವು ಕೊಟ್ಟಾವು, ಸಾಕ್ಷಿಯಾಗಲಾರವು. ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ ನಂತರ ತೊಂದರೆ ಶುರುವಾಗಿದ್ದರೆ ಹಳೆಯ ಘಟಕ ಅದರ ಹಸಿವನ್ನು ತೀರಿಸಲಾಗದೆ ಸೋತಿರಬಹುದು. ಒಂದು ಎಚ್ಚರಿಕೆ: ಎಸ್‌ಎಂಪಿಎಸ್‌ನ ಡಬ್ಬಿಯನ್ನು ಎಂದಿಗೂ ತೆರೆಯಬಾರದು. ಪ್ಲಗ್ ಕಿತ್ತ ನಂತರವೂ ಅದರ ಕೆಪಾಸಿಟರುಗಳಲ್ಲಿ 300 ವೋಲ್ಟ್‌ಗೂ ಮೀರಿದ ಪ್ರಾಣಾಂತಿಕ ವಿದ್ಯುತ್ ಉಳಿದಿರಬಹುದು.

ರ್‍ಯಾಮ್ ಮತ್ತು ಜೋಡಣೆಗಳು

ರ್‍ಯಾಮ್ ಪರೀಕ್ಷೆಗೆ ವಿಂಡೋಸ್‌ನಲ್ಲಿಯೇ ಮೆಮೊರಿ ಡಯಾಗ್ನೋಸ್ಟಿಕ್ ಎಂಬ ಸಾಧನವಿದೆ. ಇನ್ನೂ ಕಟ್ಟುನಿಟ್ಟಿನ ಪರೀಕ್ಷೆ ಬೇಕೆಂದರೆ ಉಚಿತವಾದ ಮೆಮ್‌ಟೆಸ್ಟ್86 ಪ್ಲಸ್ ತಂತ್ರಾಂಶವನ್ನು ಪೆನ್ ಡ್ರೈವ್‌ನಿಂದ ರಾತ್ರಿಯಿಡೀ ನಡೆಸಬಹುದು. ಅದರಲ್ಲಿ ಒಂದೇ ಒಂದು ತಪ್ಪು ಕಂಡರೂ ಅದು ನಿರ್ಲಕ್ಷ್ಯಕ್ಕೆ ಅರ್ಹವಲ್ಲ. ಎರಡು ಪಟ್ಟಿಗಳಿದ್ದರೆ ಒಂದನ್ನು ತೆಗೆದು, ನಂತರ ಇನ್ನೊಂದನ್ನು ತೆಗೆದು ಪರೀಕ್ಷಿಸಿದರೆ ತಪ್ಪಿತಸ್ಥ ಯಾರೆಂದು ತಿಳಿಯುತ್ತದೆ. ಅನೇಕ ಸಲ ಪಟ್ಟಿಗಳನ್ನು ಕಿತ್ತು ಮತ್ತೆ ಭದ್ರವಾಗಿ ಕೂರಿಸುವುದರಿಂದಲೇ ತೊಂದರೆ ನೀಗುತ್ತದೆ. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ವೇಗವರ್ಧಕ ಆಯ್ಕೆ ಚಾಲ್ತಿಯಲ್ಲಿದ್ದರೆ ಅದನ್ನು ತೆಗೆದು ಸಹಜ ವೇಗದಲ್ಲಿ ನಡೆಸಿ ನೋಡಬೇಕು.

ಮದರ್‌ಬೋರ್ಡಿನ ಮುಖ್ಯ 24 ಪಿನ್ ಕನೆಕ್ಟರ್, ಪ್ರೊಸೆಸರ್ ಬಳಿಯ 4 ಅಥವಾ 8 ಪಿನ್ ಕನೆಕ್ಟರ್, ಡಿಸ್ಕ್ ಕೇಬಲ್ ಇವೆಲ್ಲವನ್ನೂ ಒಮ್ಮೆ ಅದುಮಿ ನೋಡಬೇಕು. ಪೆಟ್ಟಿಗೆಯ ಮುಂಭಾಗದ ರೀಸೆಟ್ ಗುಂಡಿ ದೂಳಿನಿಂದ ಒಳಗೇ ಸಿಲುಕಿಕೊಂಡಿದ್ದರೂ ಗಣಕ ಮತ್ತೆ ಮತ್ತೆ ಆರಂಭವಾಗುತ್ತದೆ. ಮದರ್‌ಬೋರ್ಡಿನಿಂದ ಆ ಗುಂಡಿಯ ಸಣ್ಣ ತಂತಿಯನ್ನು ಕಿತ್ತು ನೋಡಿದರೆ ಅನುಮಾನ ಬಗೆಹರಿಯುತ್ತದೆ. ಪವರ್ ಗುಂಡಿ ಸಿಲುಕಿಕೊಂಡಿದ್ದರೆ ಗಣಕ ನಾಲ್ಕೈದು ಸೆಕೆಂಡುಗಳಲ್ಲಿ ಆರಿಹೋಗುವುದುಂಟು. ಪೆನ್ ಡ್ರೈವ್, ಪ್ರಿಂಟರ್, ವೆಬ್‌ಕ್ಯಾಮ್ ಮುಂತಾದ ಯುಎಸ್‌ಬಿ ಸಾಧನಗಳನ್ನೆಲ್ಲ ತೆಗೆದು, ಕೀಲಿಮಣೆ ಮತ್ತು ಮೌಸ್ ಮಾತ್ರ ಉಳಿಸಿ ನೋಡುವುದೂ ಒಳ್ಳೆಯ ಪರೀಕ್ಷೆ.

ಮದರ್‌ಬೋರ್ಡಿನ ಮೇಲಿನ 3 ವೋಲ್ಟ್‌ನ ನಾಣ್ಯಾಕಾರದ ಬ್ಯಾಟರಿಯನ್ನು ಬದಲಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯೂ ವ್ಯಾಪಕವಾಗಿದೆ. ಅದು ಮುಗಿದಾಗ ದಿನಾಂಕ, ವೇಳೆ ಮತ್ತು ಬಯಾಸ್ ಆಯ್ಕೆಗಳು ಅಳಿಸಿಹೋಗುತ್ತವೆ. ನಡೆಯುತ್ತಿರುವ ಗಣಕ ಮರುಚಾಲನೆಗೊಳ್ಳುವುದಕ್ಕೆ ಅದು ಸಾಮಾನ್ಯವಾಗಿ ಕಾರಣವಲ್ಲ.

2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜ್ ಕಾರಣದಿಂದ ಅಸ್ಥಿರವಾಗುತ್ತಿರುವುದನ್ನು ಸಂಸ್ಥೆಯೇ ಒಪ್ಪಿಕೊಂಡು, ಮೈಕ್ರೋಕೋಡ್ ಪರಿಷ್ಕರಣೆಗಳನ್ನು ಬಿಡುಗಡೆ ಮಾಡಿ, ಖಾತರಿಯ ಅವಧಿಯನ್ನು ಎರಡು ವರ್ಷ ವಿಸ್ತರಿಸಿತು. ಪರಿಷ್ಕರಣೆ ಮುಂದಿನ ಹಾನಿಯನ್ನು ತಡೆಯಬಲ್ಲದೇ ಹೊರತು ಈಗಾಗಲೇ ಆದ ಹಾನಿಯನ್ನು ಸರಿಪಡಿಸಲಾರದು. ಇಂಥ ಪ್ರೊಸೆಸರ್ ಇರುವವರು ಖರೀದಿಯ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಒಳಿತು. ಬಯಾಸ್ ಪರಿಷ್ಕರಣೆಯನ್ನು ಮಾತ್ರ ಗಣಕ ತಕ್ಕಮಟ್ಟಿಗೆ ಸ್ಥಿರವಾಗಿರುವಾಗ, ಯುಪಿಎಸ್ ಆಸರೆಯಲ್ಲಿ ಮಾಡಬೇಕು. ನಡುವೆ ನಿಂತರೆ ಮದರ್‌ಬೋರ್ಡೇ ನಿಷ್ಕ್ರಿಯವಾಗಬಹುದು.

ತಂತ್ರಾಂಶದ ಚಿಕಿತ್ಸೆ

ದೋಷ ತಂತ್ರಾಂಶದ್ದೆಂದು ಖಚಿತವಾದರೂ ಫಾರ್ಮ್ಯಾಟ್ ಕೊನೆಯ ಅಸ್ತ್ರವಾಗಿರಬೇಕು. ಮೊದಲು ಸೇಫ್ ಮೋಡ್‌ನಲ್ಲಿ ಆರಂಭಿಸಿ ನೋಡಬೇಕು. ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು ರೀಸ್ಟಾರ್ಟ್ ಕ್ಲಿಕ್ಕಿಸಿದರೆ ದುರಸ್ತಿ ಪರದೆ ತೆರೆಯುತ್ತದೆ. ಅದರಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಮೂಲಕ ಸಾಗಿ, ಗಣಕ ಮರಳಿ ಆರಂಭವಾದಾಗ 4ನ್ನು ಒತ್ತಿದರೆ ಸೇಫ್ ಮೋಡ್ ದೊರೆಯುತ್ತದೆ. ವಿಂಡೋಸ್ ಆರಂಭವಾಗುವುದರಲ್ಲಿಯೇ ಸತತವಾಗಿ ಸೋತರೆ ದುರಸ್ತಿ ಪರದೆ ಸಾಮಾನ್ಯವಾಗಿ ತಾನಾಗಿಯೇ ಬರುತ್ತದೆ.

ಸೇಫ್ ಮೋಡ್‌ನಲ್ಲಿ ಗಣಕ ಸ್ಥಿರವಾಗಿದ್ದರೆ ಇತ್ತೀಚೆಗೆ ಹಾಕಿದ ಚಾಲಕ ತಂತ್ರಾಂಶ, ಪರಿಷ್ಕರಣೆ ಅಥವಾ ಹೊಸ ತಂತ್ರಾಂಶದ ಮೇಲೆ ಅನುಮಾನ ಹರಿಯುತ್ತದೆ. ಗ್ರಾಫಿಕ್ಸ್ ಚಾಲಕವನ್ನು ಹಿಂದಿನ ಆವೃತ್ತಿಗೆ ಮರಳಿಸುವುದು, ಕೊನೆಯ ಪರಿಷ್ಕರಣೆಯನ್ನು ತೆಗೆಯುವುದು, ಸಿಸ್ಟಮ್ ರಿಸ್ಟೋರ್ ಮೂಲಕ ತೊಂದರೆ ಆರಂಭವಾಗುವ ಮೊದಲಿನ ದಿನಕ್ಕೆ ಹೋಗುವುದು ಇವುಗಳಿಂದ ಸ್ವಂತ ಕಡತಗಳು ಅಳಿಸಿಹೋಗುವುದಿಲ್ಲ. ವಿಂಡೋಸ್‌ನ ಕಡತಗಳೇ ಹಾಳಾಗಿದ್ದರೆ ಸಿಸ್ಟಮ್ ಫೈಲ್ ಚೆಕರ್ ಎಂಬ ಸಾಧನ ಅವನ್ನು ದುರಸ್ತಿ ಮಾಡಬಲ್ಲದು. ಎರಡು ವೈರಸ್ ನಿರೋಧಕ ತಂತ್ರಾಂಶಗಳನ್ನು ಒಟ್ಟಿಗೆ ಹಾಕಿಕೊಂಡಿರುವ ಗಣಕಗಳಲ್ಲಿ ಒಂದನ್ನು ತೆಗೆಯಬೇಕು. ಡಿಸ್ಕ್‌ನ ಆರೋಗ್ಯವನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂತಹ ಉಚಿತ ತಂತ್ರಾಂಶದಿಂದ ತಿಳಿಯಬಹುದು.

ಅಂಗಡಿಗೆ ಒಯ್ಯುವಾಗ

ಇಷ್ಟಾದರೂ ತೊಂದರೆ ಬಗೆಹರಿಯದಿದ್ದರೆ ಅಥವಾ ಪೆಟ್ಟಿಗೆ ತೆರೆಯುವ ಧೈರ್ಯವಿಲ್ಲದಿದ್ದರೆ ತಜ್ಞರ ನೆರವು ಪಡೆಯುವುದೇ ಸರಿ. ಆಗಲೂ ಬರೆದಿಟ್ಟ ಹಾಳೆ ಮತ್ತು ಪರದೆಯ ಚಿತ್ರಗಳು ಉಪಯೋಗಕ್ಕೆ ಬರುತ್ತವೆ. ‘ರೀಸ್ಟಾರ್ಟ್ ಆಗುತ್ತದೆ’ ಎನ್ನುವುದಕ್ಕಿಂತ ‘ಲಿನಕ್ಸ್‌ನಲ್ಲಿಯೂ ಆಗುತ್ತದೆ, ಭಾರ ಬಿದ್ದಾಗ ಮಾತ್ರ ಆಗುತ್ತದೆ, ರ್‍ಯಾಮ್ ಪರೀಕ್ಷೆಯಲ್ಲಿ ತಪ್ಪು ಕಂಡಿಲ್ಲ’ ಎಂದು ಹೇಳುವ ಗ್ರಾಹಕನಿಗೆ ಅನಗತ್ಯ ಬಿಡಿಭಾಗ ಮಾರುವುದು ಸುಲಭವಲ್ಲ. ಅನುಮತಿಯಿಲ್ಲದೆ ಫಾರ್ಮ್ಯಾಟ್ ಮಾಡಬಾರದೆಂದು ಬರೆಸಿಕೊಳ್ಳುವುದು, ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯುವುದು, ಹೊಸ ಭಾಗಕ್ಕೆ ರಸೀದಿ ಹಾಗೂ ಖಾತರಿ ಪತ್ರ ಪಡೆಯುವುದು ಗ್ರಾಹಕನ ಹಕ್ಕು. ಅಂಗಡಿಯಲ್ಲಿ ಗಣಕ ಸರಿಯಾಗಿ ನಡೆದು, ಮನೆಗೆ ತಂದೊಡನೆ ಮತ್ತೆ ಕೈಕೊಟ್ಟರೆ ದೋಷ ಮನೆಯ ವಿದ್ಯುತ್ ಜಾಲದಲ್ಲಿದೆಯೇ ಎಂದು ನೋಡಬೇಕು. ಈ ಒಂದು ಸಂಗತಿಯನ್ನು ಕಡೆಗಣಿಸಿ ಎರಡು ಮೂರು ಬಾರಿ ದುರಸ್ತಿ ವೆಚ್ಚ ತೆತ್ತವರಿದ್ದಾರೆ.

ಮದರ್‌ಬೋರ್ಡೇ ಕೆಟ್ಟಿದ್ದು, ಗಣಕವೂ ಹಳೆಯದಾಗಿದ್ದರೆ ಲೆಕ್ಕ ಬೇರೆಯಾಗುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ. ವಿಂಡೋಸ್ 11ಕ್ಕೆ ಅರ್ಹವಲ್ಲದ ಯಂತ್ರಕ್ಕೆ ದೊಡ್ಡ ಮೊತ್ತ ಸುರಿಯುವ ಮೊದಲು ಯೋಚಿಸಬೇಕು. ಆದರೆ ಡಿಸ್ಕ್, ಎಸ್‌ಎಂಪಿಎಸ್, ಪೆಟ್ಟಿಗೆ ಮುಂತಾದ ಸುಸ್ಥಿತಿಯ ಭಾಗಗಳು ಹೊಸ ಗಣಕದಲ್ಲಿಯೂ ಬಳಕೆಗೆ ಬರಬಹುದು.

ತಾನಾಗಿ ಮರುಚಾಲನೆಗೊಳ್ಳುವ ಗಣಕ ಅನೇಕ ಸಂದರ್ಭಗಳಲ್ಲಿ ತನ್ನನ್ನೂ ತನ್ನೊಳಗಿನ ಕಡತಗಳನ್ನೂ ಕಾಪಾಡಿಕೊಳ್ಳಲು ಯತ್ನಿಸುತ್ತಿರುತ್ತದೆ. ಕಡತಗಳನ್ನು ಮೊದಲು ಸುರಕ್ಷಿತವಾಗಿಸಿ, ಒಂದು ವಾರದ ತಾಳ್ಮೆಯಿಂದ ಒಂದೊಂದೇ ಪರೀಕ್ಷೆ ಮಾಡಿದರೆ ಕಡಿಮೆ ಬೆಲೆಯ ಒಂದು ಕೇಬಲ್ ಅಥವಾ ಸಡಿಲಗೊಂಡ ರ್‍ಯಾಮ್ ಪಟ್ಟಿಗಾಗಿ ಇಡೀ ಗಣಕವನ್ನೇ ಬದಲಿಸುವ, ವರ್ಷಗಳ ಕಡತಗಳನ್ನು ಕಳೆದುಕೊಳ್ಳುವ ಪ್ರಮೇಯ ಬಾರದು.